ಕಲ್ಲು ಓದ್ಲಾಕ ಕಾಲೇಜಿಗಿ

“ಅಲ್ರಿ, ಕಲ್ಲು ಓದ್ಲಾಕ ಕಾಲೇಜಿಗಿ ಹೋಗ್ಬೇಕೇನ್ರಿ? ನಮ್ ಮನ್ಯಾಗ ಅಜ್ಜನ ಕಾಲ್ದಿಂದ ಕಲ್ಲೇ ತೆಗ್ಯಾಕ ಹತ್ಯಾರ.”

ಬೇಲಿಯಾಚೆಯ ಅಕ್ಕನ ಪ್ರಶ್ನೆ ಇದು. ನಮ್ಮ ಚಿತ್ತಾಪುರ ತಾಲ್ಲೂಕಿನ ದಂಡೋತಿ ಕಡೆ ಬೇಲಿ ಅಂದರೆ ಮುಳ್ಳುತಂತಿಯೇ ಆಗಬೇಕೆಂದಿಲ್ಲ. ಎದೆಮಟ್ಟದ ಫರಸಿ ಕಲ್ಲುಗಳನ್ನು ಒಂದಕ್ಕೊಂದು ಒತ್ತಿ ನೆಟ್ಟರೆ ಅದೇ ಬೇಲಿ, ಅದೇ ಗೋಡೆ, ಮೊಣಕೈ ಊರಿ ಮಾತಾಡಲು ಅದೇ ಕಟ್ಟೆ. ಅಕ್ಕನ ಮಗಳು ಪಿಯುಸಿ ವಿಜ್ಞಾನ ಮುಗಿಸಿ ಕೂತಿದ್ದಾಳೆ. ತಾಯಿಗೆ ನರ್ಸಿಂಗ್ ಆಸೆ, ತಂದೆಗೆ ಬಿ.ಎಡ್. ಮಾಡಿಸುವ ಆಸೆ. ಹುಡುಗಿ ಮಾತ್ರ ಭೂವಿಜ್ಞಾನ ಬಿಟ್ಟು ಬೇರೆ ಓದುವುದಿಲ್ಲ ಅಂತ ಹಟ ಹಿಡಿದಿದ್ದಾಳೆ. ನಾನು ಹುಡುಗಿಯ ಕಡೆ. ಅದನ್ನು ಮೊದಲೇ ಹೇಳಿಬಿಟ್ಟೆ.

ಆದರೂ ಅಕ್ಕನ ಮಾತನ್ನು ತೆಗೆದುಹಾಕುವ ಹಾಗಿಲ್ಲ. ಖಣಿಯಲ್ಲಿ ದುಡಿದವರಿಗೆ ಕಲ್ಲಿನ ಗುಣ ಗೊತ್ತಿರುವಷ್ಟು ಎಷ್ಟೋ ಪುಸ್ತಕಗಳಿಗೆ ಗೊತ್ತಿಲ್ಲ. ಅವರು ಮೊದಲು ಸುತ್ತಿಗೆಯ ಬೆನ್ನಿನಿಂದ ತಟ್ಟಿ ಕಿವಿಗೊಡುತ್ತಾರೆ. ಖಣ್ ಅಂದರೆ ಕಲ್ಲು ಗಟ್ಟಿ, ಡಬ್ ಅಂದರೆ ಒಳಗೆಲ್ಲೋ ಸೀಳು. ಆಮೇಲೆ ಪದರ ಬಿಡುವ ಗೆರೆ ಹುಡುಕಿ, ಉಳಿಗಳನ್ನು ಸಾಲಾಗಿ ಇಟ್ಟು, ಒಂದೊಂದಕ್ಕೂ ಹಗುರವಾಗಿ ಪೆಟ್ಟು ಕೊಡುತ್ತ ಹೋಗುತ್ತಾರೆ. ಯಾವ ಪೆಟ್ಟೂ ಹೆಚ್ಚಾಗಬಾರದು, ಹೆಚ್ಚಾದರೆ ಮೂಲೆ ಮುರಿಯುತ್ತದೆ. ಕೊನೆಗೆ ಹಾರೆ ತೂರಿಸಿ ಮೀಟಿದರೆ, ಬುಟ್ಟಿಯೊಳಗಿನ ಕಡಕ್ ರೊಟ್ಟಿ ಒಂದೊಂದೇ ಎತ್ತಿದ ಹಾಗೆ ಹಾಸು ಎದ್ದುಬರುತ್ತದೆ. ಈ ಕೈಗುಣವನ್ನು ಯಾವ ಕಾಲೇಜೂ ಕಲಿಸುವುದಿಲ್ಲ.

ಆದರೆ ಅದು ಯಾಕೆ ಹಾಗೆ ಹಾಸು ಹಾಸಾಗಿ ಏಳುತ್ತದೆ? ಗ್ರಾನೈಟ್ ಯಾಕೆ ಏಳುವುದಿಲ್ಲ? ಕಾಲೇಜು ಶುರುವಾಗುವುದು ಇಲ್ಲಿಂದ. ಈ ಫರಸಿ, ಅಂದರೆ ಶಹಾಬಾದ್ ಕಲ್ಲು, ಒಂದು ಕಾಲದಲ್ಲಿ ಸಮುದ್ರದ ತಳದ ಸುಣ್ಣದ ಕೆಸರಾಗಿತ್ತು. ಅಲೆಗಳಿಲ್ಲದ ನೀರಿನಲ್ಲಿ ನಯವಾದ ಕೆಸರು ಕೂತು, ಅದರ ಮೇಲೆ ತೆಳುವಾಗಿ ಜೇಡಿ ಕೂತು, ಮತ್ತೆ ಸುಣ್ಣ ಕೂತು, ಹೀಗೆ ಲಕ್ಷಾಂತರ ವರ್ಷ ನಡೆಯಿತು. ಜೇಡಿ ಕೂತ ಗೆರೆಯಲ್ಲೇ ಇವತ್ತು ನಮ್ಮವರ ಉಳಿ ಹೊಕ್ಕುವುದು. ಬೆಟ್ಟಗಳನ್ನೆತ್ತುವ ಭೂಚಲನೆಗಳು ಈ ಭಾಗವನ್ನು ಹೆಚ್ಚು ಕಾಡಲಿಲ್ಲ. ಬಿರುಕುಗಳ ಸಾಲು ಬಿಟ್ಟರೆ ಉಳಿದ ಕಡೆ ಪದರಗಳು ಇಂದಿಗೂ ಹೆಚ್ಚುಕಡಿಮೆ ಮಟ್ಟಸವಾಗಿಯೇ ಮಲಗಿವೆ. ಅದಕ್ಕೇ ಫರಸಿ ಸಿಗುತ್ತದೆ. ಹಿಮಾಲಯದ ಸುಣ್ಣದ ಕಲ್ಲಿನಿಂದ ಹೀಗೆ ಬೇಲಿ ನೆಡಲು ಆಗುತ್ತಿರಲಿಲ್ಲ, ಅಲ್ಲಿ ಪದರಗಳೆಲ್ಲ ಮಡಚಿ ಹೋಗಿರುತ್ತವೆ.

ಅಕ್ಕನ ಅಡುಗೆಮನೆಯ ನೆಲದಲ್ಲೂ ಒಂದು ಪಾಠ ಇದೆ. ಉಪ್ಪಿನಕಾಯಿ ಹಾಕುವಾಗ ನಿಂಬೆರಸ ಬಿದ್ದ ಜಾಗದಲ್ಲಿ ಪಾಲಿಶ್ ಫರಸಿ ಹೊಳಪು ಕಳೆದುಕೊಂಡು ಮಂಕಾಗಿದೆ. ಎಷ್ಟು ಒರೆಸಿದರೂ ಹೋಗುವುದಿಲ್ಲ. ಅದು ಕಲೆ ಅಲ್ಲ, ಹುಳಿಗೆ ಕಲ್ಲೇ ಸವೆದಿದೆ. ಭೂವಿಜ್ಞಾನದ ವಿದ್ಯಾರ್ಥಿ ಕ್ಷೇತ್ರಪ್ರವಾಸಕ್ಕೆ ಹೋಗುವಾಗ ಸುತ್ತಿಗೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ದಿಕ್ಸೂಚಿ, ನೋಟ್‌ಬುಕ್ಕಿನ ಜೊತೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಪುಟ್ಟ ಶೀಶೆ ಇಟ್ಟುಕೊಂಡಿರುತ್ತಾಳೆ. ಕಲ್ಲಿನ ಮೇಲೆ ಒಂದು ಹನಿ ಬಿಟ್ಟಾಗ ಬುಸ್ಸೆಂದು ನೊರೆ ಬಂದರೆ ಅದು ಸುಣ್ಣದ ಕಲ್ಲು. ಚಾಕುವಿನಿಂದ ಗೀರಿಯೂ ನೋಡುವುದು. ಕ್ಯಾಲ್ಸೈಟಿನ ಗಡಸುತನ 3, ಗೀರು ಬೀಳುತ್ತದೆ. ಚಕಮಕಿ ಜಾತಿಯ ಚರ್ಟ್ ಆದರೆ 7ರ ಹತ್ತಿರ, ಚಾಕುವೇ ಸೋಲುತ್ತದೆ. ಮೊದಲ ವರ್ಷದ ಪ್ರಾಯೋಗಿಕ ತರಗತಿಯಲ್ಲಿ ಇದೇ ಕೆಲಸ. ಎರಡನೆಯ ವರ್ಷಕ್ಕೆ ಅದೇ ಕಲ್ಲನ್ನು 0.03 ಮಿಲಿಮೀಟರಿಗೆ ತೇಯ್ದು, ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಬೂದುಬಣ್ಣದ ಫರಸಿಯೊಳಗೆ ಎಷ್ಟು ಬಣ್ಣ ಅಡಗಿದೆ ಅನ್ನುವುದನ್ನು ಅಕ್ಕ ಒಮ್ಮೆ ನೋಡಬೇಕು.

“ಅದೆಲ್ಲಾ ಖರೇ, ಆದ್ರ ನಮ್ಮೂರ ಕಲ್ಲಿನ್ ಬಗ್ಗಿ ಪುಸ್ತಕ್ದಾಗ ಎಲ್ಲಿ ಇರ್ತದ್ರಿ?” ಅಂದರು.

ಇರುತ್ತದೆ! ದೇಶದ ಯಾವ ಮೂಲೆಯಲ್ಲಿ ಭೂವಿಜ್ಞಾನ ಓದಿದರೂ, ದಕ್ಷಿಣ ಭಾರತದ ಹಳೆಯ ಜಲಜಶಿಲೆಗಳ ಪಾಠದಲ್ಲಿ ಭೀಮಾ ಶಿಲಾಸಮೂಹ ಬರುತ್ತದೆ. ಅದರೊಳಗೆ ಒಂದು ಸೇಡಂ ಉಪಸಮೂಹ, ಒಂದು ಅಂದೋಲಾ ಉಪಸಮೂಹ. ಸೇಡಂ ಉಪಸಮೂಹದಲ್ಲಿ ಕೆಳಗೆ ರಬನಪಲ್ಲಿ ಪದರಗಳು, ಮೇಲೆ ಶಹಾಬಾದ್ ಸುಣ್ಣದ ಕಲ್ಲು. ಅಂದೋಲಾದಲ್ಲಿ ಕಟಮದೇವರಹಳ್ಳಿಯ ಸುಣ್ಣದ ಕಲ್ಲು, ಹರವಾಳ ಮತ್ತು ಗೋಗಿಯ ಶೇಲ್ ಎಂಬ ಜೇಡಿಕಲ್ಲು. ಎಲ್ಲ ನಾವು ಬಸ್ಸಿನ ಫಲಕದಲ್ಲಿ ಓದುವ ಹೆಸರುಗಳು. ಕೋಲ್ಕತ್ತದ ಹುಡುಗನೊಬ್ಬ ಪರೀಕ್ಷೆಗಾಗಿ ಸೇಡಂ ಅಂತ ಬಾಯಿಪಾಠ ಮಾಡುತ್ತಾನೆ, ಸೇಡಮ್ಮಿನ ಹುಡುಗಿಗೆ ಅದು ಗೊತ್ತೇ ಇರುವುದಿಲ್ಲ. ನನಗೆ ನೋವಾಗುವುದು ಇದೇ.

ಈ ಹೆಸರುಗಳ ಹಿಂದೆ ನಡೆದವರ ಕಥೆ ಇದೆ. ಮುಂಬೈಯಿಂದ ರೈಲು 1871ರಲ್ಲಿ ರಾಯಚೂರು ಮುಟ್ಟಿತು, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಹೊರಟಿತು. ಆ ನಡುವೆ, 1872ರಲ್ಲಿ, ಜಿಯಾಲಜಿಕಲ್ ಸರ್ವೆ ಆಫ್ ಇಂಡಿಯಾದ ವಿಲಿಯಂ ಕಿಂಗ್ ಈ ಕಲ್ಲುಗಳಿಗೆ ಭೀಮಾ ಅಂತ ಹೆಸರು ಕೊಟ್ಟರು. ರಾಬರ್ಟ್ ಬ್ರೂಸ್ ಫೂಟ್ ಇಲ್ಲೆಲ್ಲ ಅಲೆದು 1876ರಲ್ಲಿ ದೊಡ್ಡ ವರದಿ ಬರೆದರು. ನಿಜಾಮರ ಕಾಲದಲ್ಲಿ ಹೈದರಾಬಾದ್ ಭೂವೈಜ್ಞಾನಿಕ ಇಲಾಖೆಯಲ್ಲಿದ್ದ ಸಿ. ಮಹಾದೇವನ್ ಗುಲ್ಬರ್ಗಾ ಜಿಲ್ಲೆಯ ಭೀಮಾ ಶಿಲೆಗಳ ಬಗ್ಗೆ 1947ರಲ್ಲಿ ಲೇಖನ ಪ್ರಕಟಿಸಿದರು. ಅವರು ಸರ್ ಸಿ.ವಿ. ರಾಮನ್ ಅವರ ಶಿಷ್ಯರು, ಆಂಧ್ರ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗ ಕಟ್ಟಿದವರು. ಇಷ್ಟು ಜನ ಹೊರಗಿನಿಂದ ಬಂದು ನಮ್ಮ ಹೊಲದ ಬದು ಅಳೆದು ಹೋದರು. ನಮ್ಮ ಮನೆಯ ಮಗಳು ಅಳೆದರೆ ಬೇಡವೆನ್ನಲು ಏನಿದೆ?

ಅಕ್ಕನಿಗೆ ಕಲಬುರಗಿಯಿಂದ ಯಾದಗಿರಿಗೆ ಹೋಗುವ ಪ್ಯಾಸೆಂಜರ್ ರೈಲು ಚೆನ್ನಾಗಿ ಗೊತ್ತು, ತವರು ಅತ್ತ ಕಡೆ. ಆ ರೈಲಿನ ಕಿಟಕಿಯೇ ಒಂದು ತರಗತಿ. ಕಲಬುರಗಿ ಕೂತಿರುವುದು ದಖ್ಖನ್ನಿನ ಕರಿಕಲ್ಲಿನ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಸೀಳಿ ಹರಿದ ಲಾವಾ ಅದು. ನಮ್ಮ ತೊಗರಿ ಬೆಳೆಯುವ ಎರೆಮಣ್ಣು ಬಹುಮಟ್ಟಿಗೆ ಆ ಲಾವಾಕಲ್ಲು ಸವೆದು ಆದದ್ದು. ಶಹಾಬಾದ್ ಬರುವ ಹೊತ್ತಿಗೆ ಕರಿಕಲ್ಲು ಮುಗಿದು, ಅದರ ಕೆಳಗಿನ ಸುಣ್ಣದ ಕಲ್ಲು ಹೊರಗೆ ಬಂದಿರುತ್ತದೆ. ವಾಡಿಯಲ್ಲಂತೂ ಕಣ್ಣು ಹಾಯಿಸಿದಷ್ಟೂ ಅದೇ. ಯಾದಗಿರಿ ಮುಟ್ಟಿದಾಗ ಕೋಟೆ ಹೊತ್ತ ಗುಂಡುಕಲ್ಲಿನ ಗುಡ್ಡ ಕಾಣುತ್ತದೆ. ಅದು ಗ್ರಾನೈಟ್, ಸುಮಾರು 250 ಕೋಟಿ ವರ್ಷದ್ದು. ನೂರು ಕಿಲೋಮೀಟರಿನೊಳಗೆ ಭೂಮಿಯ ಮೂರು ಯುಗ! ಇಷ್ಟು ಕಡಿಮೆ ಟಿಕೆಟ್ಟಿಗೆ ಇಷ್ಟು ಕಾಲ ಹಿಂದಕ್ಕೆ ಕರೆದೊಯ್ಯುವ ರೈಲು ಬೇರೆ ಎಲ್ಲಿದೆಯೋ ಕಾಣೆ.

ಸುಣ್ಣದ ಕಲ್ಲಿನ ವಯಸ್ಸೇ ಸ್ವಲ್ಪ ತಕರಾರಿನದು. ನೂರು ಕೋಟಿ ವರ್ಷದ ಆಚೆಯೋ ಈಚೆಯೋ ಅಂತ ಪಂಡಿತರು ಇನ್ನೂ ಚರ್ಚಿಸುತ್ತಿದ್ದಾರೆ. ಜೀವ ಇನ್ನೂ ನೀರಿನಲ್ಲೇ, ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗಲು ಹೆಣಗುತ್ತಿದ್ದ ಕಾಲ. ಆದ್ದರಿಂದ ಇಲ್ಲಿ ಶಂಖ, ಮೀನು, ಎಲುಬು ಸಿಗುವುದಿಲ್ಲ. ಭೀಮಾ ಶೇಲ್ ಪದರಗಳಲ್ಲಿ ಚುವಾರಿಯಾ ಅನ್ನುವ, ಮಿಲಿಮೀಟರ್ ಲೆಕ್ಕದ ಕರಿ ಬಿಲ್ಲೆಯಂಥ ಇಂಗಾಲದ ಗುರುತುಗಳು ಸಿಕ್ಕಿವೆ. ಸಾಸಿವೆ ಹುಡುಕುವ ಕಣ್ಣಿದ್ದವರಿಗೆ ಮಾತ್ರ ಕಾಣುವಂಥವು. ವಯಸ್ಸಿನ ತಕರಾರು ಬಗೆಹರಿಸುವ ಹುಡುಗಿ ಚಿತ್ತಾಪುರ ತಾಲ್ಲೂಕಿನವಳೇ ಆಗಲಿ ಅಂತ ನನ್ನ ಆಸೆ.

ಇದರಲ್ಲಿ ನನ್ನನ್ನು ಎಲ್ಲಕ್ಕಿಂತ ಹಿಡಿದು ನಿಲ್ಲಿಸುವುದು ರಬನಪಲ್ಲಿ ಪದರ. ಗ್ರಾನೈಟ್ ಮುಗಿದು ಭೀಮಾ ಶಿಲೆ ಶುರುವಾಗುವ ಕಡೆ ಉರುಟು ಬೆಣಚುಕಲ್ಲುಗಳು ಒತ್ತೊತ್ತಾಗಿ ಅಂಟಿಕೊಂಡ ಒಂದು ಪಟ್ಟಿ ಇರುತ್ತದೆ, ಅದರ ಮೇಲೆ ಮರಳುಗಲ್ಲು, ಹಸಿರು ಮತ್ತು ನೇರಳೆ ಶೇಲ್. ಆ ಉರುಟುಗಲ್ಲು ಹಳೆಯ ಗ್ರಾನೈಟ್ ನೆಲ ಸವೆದು, ನೀರಿನಲ್ಲಿ ಹೊರಳಿ ಬಂದವು. ಕೆಳಗಿನ ಕಲ್ಲು 250 ಕೋಟಿ ವರ್ಷದ್ದು, ಮೇಲಿನದು ನೂರು ಕೋಟಿಯ ಆಸುಪಾಸು. ಎರಡರ ನಡುವಿನ ಗೆರೆಯ ಮೇಲೆ ಅಂಗೈ ಇಟ್ಟರೆ ಕಿರುಬೆರಳು ಒಂದು ಕಾಲದಲ್ಲಿ, ಹೆಬ್ಬೆರಳು ಇನ್ನೊಂದು ಕಾಲದಲ್ಲಿ. ನಡುವೆ ಸುಮಾರು 150 ಕೋಟಿ ವರ್ಷದ ಲೆಕ್ಕವೇ ಇಲ್ಲ, ಆಗ ಏನು ಕೂತಿತ್ತೋ ಎಲ್ಲ ತೊಳೆದುಹೋಗಿದೆ. ಹುಡುಗಿಗೆ ಇದನ್ನು ಹೇಳಿದಾಗ ಅವಳು ಬೇಲಿ ಹತ್ತಿ ಕೂತೇಬಿಟ್ಟಳು.

ಅಕ್ಕನ ಮನಸ್ಸು ಇನ್ನೂ ಕರಗಿರಲಿಲ್ಲ. ಯುಗಗಳಿಂದ ಹೊಟ್ಟೆ ತುಂಬುವುದಿಲ್ಲ ಅನ್ನುವುದು ಅವರ ಮುಖದಲ್ಲೇ ಇತ್ತು. ಅದಕ್ಕೆ ಬೋರ್‌ವೆಲ್ಲಿನ ಮಾತು ತೆಗೆದೆ. ಅವರ ಹೊಲದಲ್ಲಿ ಒಂದು ಕಡೆ ನೀರು ಬಿತ್ತು, ಕೂಗಳತೆಯಲ್ಲಿ ಇನ್ನೊಂದು ಕಡೆ ಬರೀ ಧೂಳು ಬಂತು, ಸಾಲ ಮಾತ್ರ ಎರಡಕ್ಕೂ ಒಂದೇ. ಸುಣ್ಣದ ಕಲ್ಲು ತನ್ನ ಮೈಯೊಳಗೆ ಹೆಚ್ಚು ನೀರು ಇಟ್ಟುಕೊಳ್ಳುವುದಿಲ್ಲ. ನೀರು ಇರುವುದು ಬಿರುಕಿನಲ್ಲಿ, ಪದರಗಳ ಸಂದಿಯಲ್ಲಿ, ಮಳೆನೀರು ಕಲ್ಲನ್ನು ಕರಗಿಸಿ ಕೊರೆದ ಪೊಳ್ಳುಗಳಲ್ಲಿ. ಬಿರುಕು ತಪ್ಪಿದರೆ ನಾನೂರು ಅಡಿ ಹೋದರೂ ಒಣ. ನೆಲಕ್ಕೆ ಕಂಬಿ ಊರಿ ವಿದ್ಯುತ್ ಹಾಯಿಸಿ, ಕೆಳಗಿನ ಕಲ್ಲು ಎಷ್ಟು ತಡೆ ಒಡ್ಡುತ್ತದೆ ಅಂತ ಅಳೆದು ಬಿರುಕಿನ ಜಾಡು ಹಿಡಿಯುವುದು ಭೂವಿಜ್ಞಾನದ ವಿದ್ಯಾರ್ಥಿಯ ಮಾಮೂಲಿ ಪಾಠ. ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸುವವರಿಗೆ ಕೊಡುವ ದುಡ್ಡನ್ನು ಊರಿನ ರೈತರು ಊರಿನದೇ ಹುಡುಗಿಗೆ ಕೊಡಲಿ.

ಹುಡುಗಿಗೆ ಈ ಹುಚ್ಚು ಹತ್ತಿದ್ದಾದರೂ ಸುಮ್ಮನೆ ಅಲ್ಲ. ಅವಳ ದೊಡ್ಡಮ್ಮನ ಮನೆ ಚಿಂಚೋಳಿ ಕಡೆ. 2021ರ ಅಕ್ಟೋಬರಿನಲ್ಲಿ ಆ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲದೊಳಗಿಂದ ಸದ್ದು, ಹಿಂದೆಯೇ ನಡುಕ. ಅವುಗಳಲ್ಲಿ ದೊಡ್ಡದು ರಿಕ್ಟರ್ ಮಾಪಕದಲ್ಲಿ 4ರ ಆಸುಪಾಸು. ಜನ ಮನೆಯೊಳಗೆ ಮಲಗಲು ಅಂಜಿ ಬಯಲಿನಲ್ಲಿ ರಾತ್ರಿ ಕಳೆದರು, ಎಷ್ಟೋ ಮನೆಯವರು ಊರೇ ಬಿಟ್ಟರು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವನ್ನು ಕಂಡ ಹಿರಿಯರಿದ್ದ ಸೀಮೆ ಇದು, ಅಂಜಿಕೆ ಸಹಜ. ವಿಜ್ಞಾನಿಗಳು ಬಂದು ಕಂಪನಮಾಪಕ ಇಟ್ಟರು, ಮಳೆಗಾಲದ ನೀರು ಕಲ್ಲಿನ ಸಂದಿಗಳಿಗೆ ಇಳಿದು ಒತ್ತಡ ಬದಲಾಗುವುದರಿಂದ ಹೀಗಾಗುತ್ತದೆ ಅಂತ ವಿವರಿಸಿದರು. ಕಂಪನ ಸಣ್ಣದಾಗಿದ್ದು, ಆಳ ಕಡಿಮೆಯಿದ್ದರೆ ಅದರ ಅಲೆ ಗಾಳಿಗೆ ದಾಟಿ ಕಿವಿಗೆ ಸಿಡಿಲಿನ ಹಾಗೆ ಕೇಳುತ್ತದೆ. ಹೀಗೆ ಹೇಳುವವರು ಊರಿನಲ್ಲೇ ಒಬ್ಬರಿದ್ದಿದ್ದರೆ, ಮೊದಲ ರಾತ್ರಿಯೇ ಕಟ್ಟೆಯ ಮೇಲೆ ಕೂತು ಹೇಳಿದ್ದರೆ, ಗಾಳಿಸುದ್ದಿಗೆ ಅಷ್ಟು ಕಾಲು ಬರುತ್ತಿರಲಿಲ್ಲ. ಹುಡುಗಿ ಆಗ ಕೇಳಿದ್ದು ಒಂದೇ ಮಾತು: “ನಾನು ಓದಿದ್ರ ನಂಗೂ ತಿಳೀತದೇನ್ರಿ?”

ಇದೇ ಕಲ್ಲಿನಿಂದಾಗುವ ಸಿಮೆಂಟಿನ ವಿಷಯಕ್ಕೆ ಬಂದರೆ ನನ್ನ ಮಾತು ನಿಲ್ಲುವುದಿಲ್ಲ. ಶಹಾಬಾದಿನಲ್ಲಿ ಸ್ವಾತಂತ್ರ್ಯಕ್ಕೂ ಎಷ್ಟೋ ಮೊದಲೇ ಕಾರ್ಖಾನೆ ಬಂತು. ಆಮೇಲೆ ವಾಡಿ, ಮಳಖೇಡ, ಸೇಡಂ ಹೀಗೆ ಸಾಲು ಬೆಳೆಯುತ್ತ ಹೋಯಿತು. ಸುಣ್ಣದ ಕಲ್ಲಿಗೆ ಜೇಡಿ, ಕಬ್ಬಿಣದ ಅಂಶವಿರುವ ಕೆಂಪು ಕಲ್ಲು ಬೆರೆಸಿ ಸುಮಾರು 1,450 ಡಿಗ್ರಿಗೆ ಕಾಯಿಸುತ್ತಾರೆ. ಶುದ್ಧ ಸುಣ್ಣದ ಕಲ್ಲು 100 ಕಿಲೋ ಸುಟ್ಟರೆ ಉಳಿಯುವ ಸುಣ್ಣ 56 ಕಿಲೋ, ಇನ್ನು 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೋಗುತ್ತದೆ. ಆ ಪುರಾತನ ಸಮುದ್ರ ಗಾಳಿಯಿಂದ ಹಿಡಿದು ಕಲ್ಲಿನಲ್ಲಿ ಕಟ್ಟಿಹಾಕಿದ್ದ ಅನಿಲವನ್ನು ನಮ್ಮ ಊರುಗಳ ಮೇಲೆ ಮತ್ತೆ ಬಿಚ್ಚಿಬಿಡುತ್ತಿದ್ದೇವೆ. ಕಾರ್ಖಾನೆ ಬೇಡ ಅಂತ ನಾನು ಹೇಳುವುದಿಲ್ಲ, ಅದರಿಂದ ಉಣ್ಣುವ ಮನೆಗಳು ಎಷ್ಟೋ. ಆದರೆ ಖಣಿ ಮುಗಿದ ಮೇಲೆ ಉಳಿದ ಗುಂಡಿಗಳು ನೀರು ತುಂಬಿಕೊಂಡು ಬಾಯ್ದೆರೆದು ನಿಂತಿವೆ, ಮಕ್ಕಳು ಈಜಲು ಇಳಿಯುತ್ತಾರೆ. ಗುಂಡಿ ಹೇಗೆ ಮುಚ್ಚಬೇಕು, ಯಾವುದನ್ನು ಕೆರೆ ಮಾಡಬಹುದು, ಯಾವುದರ ಅಂಚು ಕುಸಿಯುತ್ತದೆ ಅಂತ ಹೇಳುವವರು ಬೇಕು. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಸಿಕ್ಕಿದೆ. ಗಣಿ ಬೇಕೋ ಬೇಡವೋ ಅನ್ನುವ ಜಗಳದಲ್ಲಿ ಊರವರ ಪರವಾಗಿ ನಕ್ಷೆ ಓದಬಲ್ಲ ಒಬ್ಬ ಊರವಳಿದ್ದರೆ ಮಾತಿನ ತೂಕವೇ ಬೇರೆಯಾಗುತ್ತದೆ.

“ಹೆಣ್ಮಗಳು, ಗುಡ್ಡಾ ಗವ್ವಾರ ತಿರುಗ್ತಾಳೇನ್ರಿ?” ಇದು ನಿಜವಾದ ಅಂಜಿಕೆ, ಇಷ್ಟು ಹೊತ್ತೂ ಒಳಗೇ ಇತ್ತು. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ 1983ರಲ್ಲೇ ಅಂಟಾರ್ಕ್ಟಿಕಾಕ್ಕೆ ಹೋಗಿ ಅಲ್ಲಿಯ ಬಂಡೆ ಅಳೆದರು, 1991ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದರು. 1952ರ ಗಣಿ ಕಾಯ್ದೆ ಹೆಂಗಸರಿಗೆ ನೆಲದಡಿಯ ಗಣಿಯಲ್ಲಿ ಕೆಲಸ ಕೊಡುತ್ತಿರಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಕೆಲವು ಷರತ್ತುಗಳೊಡನೆ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಆ ಬಾಗಿಲನ್ನೂ ತೆಗೆಯಿತು. ನಮ್ಮ ಕಡೆಯ ರಾಯಚೂರು ಜಿಲ್ಲೆಯಲ್ಲೇ ಹಟ್ಟಿ ಚಿನ್ನದ ಗಣಿ ಇದೆ. ಯುಪಿಎಸ್‌ಸಿ ವರ್ಷವರ್ಷ ಭೂವಿಜ್ಞಾನಿಗಳಿಗೇ ಬೇರೆ ಪರೀಕ್ಷೆ ನಡೆಸುತ್ತದೆ. ಅದರಲ್ಲಿ ಗೆದ್ದವರು ಜಿಯಾಲಜಿಕಲ್ ಸರ್ವೆಗೆ, ಕೇಂದ್ರ ಅಂತರ್ಜಲ ಮಂಡಳಿಗೆ ಹೋಗುತ್ತಾರೆ. ರಾಜ್ಯದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆ ಇದೆ. ಅಕ್ಕ ಕೊನೆಯ ಎರಡು ವಾಕ್ಯಗಳನ್ನು ಇನ್ನೊಮ್ಮೆ ಹೇಳಿಸಿದರು.

ಓದುವುದೆಲ್ಲಿ ಅನ್ನುವುದೇ ತೊಡಕು. ನಮ್ಮ ತಾಲ್ಲೂಕುಗಳಲ್ಲಿ ಬಿ.ಎಸ್ಸಿ. ಅಂದರೆ ಸಾಮಾನ್ಯವಾಗಿ ಭೌತ–ರಸಾಯನ–ಗಣಿತ, ಇಲ್ಲವೇ ಸಸ್ಯ–ಪ್ರಾಣಿ–ರಸಾಯನ. ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗ ಇದೆ. ಧಾರವಾಡ, ಮೈಸೂರು, ಬೆಂಗಳೂರಿನಲ್ಲಿ ಹಳೆಯ ವಿಭಾಗಗಳಿವೆ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ವಾಡಿಯಿಂದ ಒಂದೇ ರೈಲಿನ ದಾರಿ. ಆದರೆ ಇಲ್ಲೇ ಯಾಕಿಲ್ಲ? ಮೈಸೂರು ಸಂಸ್ಥಾನ 1894ರಲ್ಲೇ ಭೂವಿಜ್ಞಾನ ಇಲಾಖೆ ಕಟ್ಟಿತು. ಅಲ್ಲಿಂದ ಬಂದ ಬಿ.ಪಿ. ರಾಧಾಕೃಷ್ಣ 1958ರಲ್ಲಿ ದೇಶಕ್ಕೇ ಒಂದು ಭೂವೈಜ್ಞಾನಿಕ ಸಂಘ ಸ್ಥಾಪಿಸಿದವರಲ್ಲಿ ಒಬ್ಬರು. ಜಿಯಾಲಜಿಕಲ್ ಸರ್ವೆಯಲ್ಲಿದ್ದ ಟಿ.ಆರ್. ಅನಂತರಾಮು ಅವರಂಥವರು ಈ ವಿದ್ಯೆಯನ್ನು ಕನ್ನಡದಲ್ಲಿ ಬರೆದು ಕೊಟ್ಟಿದ್ದಾರೆ. ಮಾದರಿ ಕಲ್ಲು ಕೊಳ್ಳುವ ಖರ್ಚಿಲ್ಲ, ಕ್ಷೇತ್ರಪ್ರವಾಸಕ್ಕೆ ಬಸ್ಸು ಬೇಡ. ಸೇಡಂ, ಚಿತ್ತಾಪುರ, ಶಹಾಬಾದಿನ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಒಂದರಲ್ಲಾದರೂ ಭೂವಿಜ್ಞಾನ ಇರಲೇಬೇಕು, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಇದು ಓದಿನ ರುಚಿ ಕಾಣದ ಸೀಮೆಯಲ್ಲ. ಚಿತ್ತಾಪುರದ ಮಗ್ಗುಲಿನ ನಾಗಾವಿಯಲ್ಲಿ 11ನೆಯ ಶತಮಾನದಲ್ಲೇ ಘಟಿಕಾಸ್ಥಾನ ಇತ್ತು. ಪುಸ್ತಕ ನೋಡಿಕೊಳ್ಳಲೆಂದೇ ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು ಅಂತ ಅಲ್ಲಿಯ ಶಾಸನದಲ್ಲಿದೆ. ಸನ್ನತಿ–ಕನಗನಹಳ್ಳಿಯಲ್ಲಿ ಅಶೋಕನನ್ನು ಕೆತ್ತಿದ್ದು ಸುಣ್ಣದ ಕಲ್ಲಿನ ಹಾಸಿನಲ್ಲಿ. ಅದಕ್ಕೂ ಎಷ್ಟೋ ಮೊದಲು, ಸುರಪುರ ಕಡೆಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷದ ಹಿಂದೆ ಆದಿಮಾನವರು ಸುಣ್ಣದ ಕಲ್ಲನ್ನೇ ಆರಿಸಿ ಕೈಗೊಡಲಿ ಮಾಡುತ್ತಿದ್ದರು. ಯಾವ ಕಲ್ಲು ಹೇಗೆ ಒಡೆಯುತ್ತದೆ ಅಂತ ನೋಡಿ ಆರಿಸಿದವರು ಅವರು.

ಅಷ್ಟರಲ್ಲಿ ಹುಡುಗಿಯ ತಂದೆ ಬಂದರು. ಖಣಿಯಿಂದ ನೇರ ಬಂದವರು, ಮೈಯೆಲ್ಲ ಬೂದು. ನಡೆದ ಮಾತನ್ನೆಲ್ಲ ಅಕ್ಕ ಚುಟುಕಾಗಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಖಣಿಯಲ್ಲಿ ಹತ್ತಡಿ ಕೆಳಗೆ ಕಲ್ಲಿನ ಬಣ್ಣ ತಟ್ಟನೆ ಗುಲಾಬಿಗೆ ತಿರುಗಿದೆ, ಯಾಕಂತ ಯಾರೂ ಹೇಳಲಿಲ್ಲ ಅಂದರು. ಆ ಬಣ್ಣ ಕಬ್ಬಿಣದ್ದು, ಕೆಸರು ಕೂತ ನೀರಿನಲ್ಲಿ ಆಮ್ಲಜನಕ ಎಷ್ಟಿತ್ತು ಅನ್ನುವುದರ ಮೇಲೂ ಹೋಗುತ್ತದೆ ಅಂದೆ. ಮಗಳು ಆಗಲೇ ಒಂದು ತುಂಡು ತಂದುಕೊಡಲು ತಂದೆಗೆ ಹೇಳುತ್ತಿದ್ದಳು, ಮೇಲಿನ ಬೂದು ಪದರವೂ ಕೆಳಗಿನ ಗುಲಾಬಿ ಪದರವೂ ಒಂದೇ ತುಂಡಿನಲ್ಲಿ ಇರಬೇಕಂತೆ.

ಕೇಂದ್ರೀಯ ವಿಶ್ವವಿದ್ಯಾಲಯದ ಪ್ರವೇಶ ಸಿಯುಇಟಿ ಪರೀಕ್ಷೆಯ ಮೇಲೆ. ಈ ವರ್ಷಕ್ಕೆ ಯಾವ ಯಾವ ಕೋರ್ಸಿದೆ, ಹಾಸ್ಟೆಲ್ ಹೇಗೆ ಅಂತ ಅಪ್ಪ–ಮಗಳು ಇಬ್ಬರೂ ಸೋಮವಾರ ಕಡಗಂಚಿಗೆ ಹೋಗಿ ಕೇಳಿಬರುವುದೆಂದು ಮಾತಾಯಿತು. ಕಾಗಿಣಾ ನದಿ ತುಂಬಿ ದಂಡೋತಿ ಸೇತುವೆ ಮುಳುಗಿದರೆ ಕಲಬುರಗಿ ದಾರಿ ಕಟ್, ಅದಕ್ಕೆ ಮಳೆ ನೋಡಿಕೊಂಡು ಬೆಳಗಿನ ಬಸ್ಸಿಗೇ ಹೊರಡಿರಿ ಅಂದೆ. ಗಟ್ಟಿ ಅಟ್ಟೆಯ ಬೂಟು ಒಂದು ಜೊತೆ ಈಗಲೇ ಕೊಡಿಸಿರಿ ಅಂತಲೂ ಹೇಳಿದೆ.